ಎಡದಂಚಿನ ಕೆಂಪು ದಾರ

ಮೂವತ್ತೊಂದು ವರ್ಷ ನಾನು ಮಬ್ರೂಕಾಳ ಎಡಗಡೆ ಕೂತು ರತ್ನಗಂಬಳಿ ನೇಯ್ದಿದ್ದೇನೆ. ನಮ್ಮ ಕೈರವಾನ್ ಊರಿನಲ್ಲಿ ಒಂದು ಮಗ್ಗಕ್ಕೆ ಇಬ್ಬರು ಹೆಂಗಸರು. ಬಲಗಡೆಯವಳು ಯಜಮಾನಿ, ಗಂಟುಗಳ ಲೆಕ್ಕ ಕೂಗುತ್ತಾಳೆ. ಎಡಗಡೆಯವಳು ಬೈಸಿಕೊಳ್ಳುತ್ತಾಳೆ. ಅಷ್ಟು ವರ್ಷದ ಬೈಗುಳ ತಿಂದವಳು ನಾನು, ಶೆದ್ಲಿಯಾ.

ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ್ದ ಮಬ್ರೂಕಾ ಮನೆಗೆ ಬಂದ ದಿನ ಮಾಂಸದ ಸಾರು ಹೊತ್ತುಕೊಂಡು ಹೋದೆ. ಅವಳ ಎಡಕ್ಕಿದ್ದ ಬಾಗಿಲಲ್ಲಿ ನಿಂತು ಮೂರು ಸಲ ಕರೆದೆ. ತಿರುಗಲಿಲ್ಲ. ಹೋದ ತಿಂಗಳು ಅಂಚಿಗೆ ಒಂದೆಳೆ ಕೆಂಪು ಉಣ್ಣೆ ಹಾಕೋಣ ಎಂದಿದ್ದೆ. ಅವಳ ಕಂಬಳಿಗೆ ಕುರಿಯ ಮೈಬಣ್ಣ ಬಿಟ್ಟು ಬೇರೆ ಬಣ್ಣ ಸೇರಿಸುವುದೆಂದರೆ ಮಹಾಪರಾಧ. ಅದಕ್ಕೇ ದೊಡ್ಡ ಜಗಳವಾಗಿತ್ತು. ಸಾವಿನ ಬಾಯಿಂದ ವಾಪಸು ಬಂದರೂ ಸಿಟ್ಟು ಬಿಟ್ಟಿಲ್ಲವಲ್ಲ ಎಂದು ನನಗೂ ರೇಗಿತು. ಸಾರಿನ ಪಾತ್ರೆ ಅಲ್ಲೇ ಕುಕ್ಕಿ ಬಂದೆ. ಇನ್ನು ನಾನಾಗಿ ಕರೆಯುವುದಿಲ್ಲ ಎಂದು ಆಣೆ ಹಾಕಿಕೊಂಡೆ.

ಹದಿನೈದು ದಿನದ ಮೇಲೆ ಅವಳ ಮಗ ಲಸ್ಸಾದ್ ಬಂದ.

"ಚಿಕ್ಕಮ್ಮಾ, ಅಮ್ಮ ತಟ್ಟೇಲಿ ಎಡಗಡೆ ಇರೋ ಮಾಂಸ ಮುಟ್ತಾನೇ ಇಲ್ಲ. ಮನೆಗೆ ಬಂದವರಿಗೆ ಅಂತ ಹಿರೀರು ತಮ್ಮ ಪಾಲು ಎತ್ತಿಡ್ತಾರಲ್ಲ, ಹಾಗೆ ಅಂದ್ಕೊಂಡು ಅದನ್ನ ನಾವು ನೆಂಟರಿಗೆ ಬಡಿಸ್ತಿದ್ವಿ. ಡಾಕ್ಟರಮ್ಮ ಕೇಳಿ ಬೈದ್ರು."

"ಏನಂತೆ?"

"ಪೆಟ್ಟು ಬಿದ್ದಿರೋದು ಮೆದುಳಿನ ಬಲಭಾಗಕ್ಕಂತೆ. ಎಡಕ್ಕೆ ಬಿದ್ದಿದ್ರೆ ಮಾತೇ ಹೋಗಬಹುದಿತ್ತಂತೆ."

"ಅವಳ ಮಾತು ಹೋಗೋದಾ? ಅಷ್ಟು ಪುಣ್ಯ ನಮಗೆಲ್ಲಿದೆ!"

"ಕಣ್ಣೂ ಚೆನ್ನಾಗಿದೆ. ಆದ್ರೆ ಎಡಗಡೆ ಅನ್ನೋದು ಒಂದಿದೆ ಅಂತಾನೇ ಅವಳ ಮೆದುಳಿಗೆ ಹೊಳೆಯಲ್ಲ. ತನಗೆ ಏನೋ ಆಗಿದೆ ಅಂತಾನೂ ಗೊತ್ತಿಲ್ಲ, ಅದಕ್ಕೇ ವಾಸಿಯಾಗೋದು ನಿಧಾನ. ಎಡಕ್ಕೆ ಎದ್ದು ಕಾಣೋ ಗುರುತೇನಾದ್ರೂ ಇಟ್ಟು ಹುಡುಕಿಸಿ ಅಂದ್ರು. ಅದೆಲ್ಲ ಎಷ್ಟು ದಿನ? ಇನ್ನು ಅವಳು ನೇಯೋದು ಎಲ್ಲಿಂದ? ನಾಳೆ ಮಗ್ಗ ಬಿಚ್ಚಿಹಾಕ್ತೀನಿ."

ಎಡಬಾಗಿಲಲ್ಲಿ ನಿಂತಿದ್ದ ನಾನೂ, ನನ್ನ ಕೂಗೂ, ನನ್ನ ಸಾರೂ ಅವಳಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಆಮೇಲೆ ಕೆಂಡದಂಥ ಸಿಟ್ಟು ಬಂತು. ಯಾರ ಮಗ್ಗ, ಬಿಚ್ಚಲು ಇವನ್ಯಾರು?

ಮರುದಿನ ಲಸ್ಸಾದ್ ಸುತ್ತಿಗೆ ತಂದಾಗ ಮಬ್ರೂಕಾ ಆಗಲೇ ಮಗ್ಗದ ಮುಂದೆ ಕೂತಿದ್ದಳು. ಎಡಗೈ ಸೋತಿದ್ದರೂ ಎಳೆ ಹಿಡಿಯುತ್ತಿತ್ತು. ಅವಳ ಎಡಕ್ಕೆ, ನನ್ನ ಜಾಗದಲ್ಲಿ, ನಾನು ಬಂದು ಕೂತದ್ದು ಅವಳಿಗೆ ತಿಳಿಯಲಿಲ್ಲ.

"ಮುಟ್ಟಿ ನೋಡು!" ಎಂದು ಮಗನಿಗೆ ಗದರಿದಳು. "ಇದು ನಿಮ್ಮಪ್ಪನ ಮಗ್ಗ ಅಲ್ಲ, ನಮ್ಮಮ್ಮನದು!"

"ಹಾಗಾದ್ರೆ ಒಂದು ಸಾಲು ನೀನೊಬ್ಬಳೇ ಮುಗಿಸು ನೋಡೋಣ."

ಅವಳು ಗಂಟು ಹಾಕುತ್ತಾ ಬಂದಳು. ಅರ್ಧಕ್ಕೆ ನಿಲ್ಲಿಸಿ, ನೇಯ್ಗೆಯ ಬಾಚಣಿಗೆಯಿಂದ ಗಂಟುಗಳನ್ನು ಬಡಿದು ಕೂರಿಸಿ, "ಮುಗೀತು!" ಎಂದಳು. ಎಡಗಡೆ ಹಾಸಿನ ಉದ್ದೆಳೆಗಳು ಗಂಟಿಲ್ಲದೆ ಬೋಳಾಗಿಯೇ ಇದ್ದವು. ಲಸ್ಸಾದ್ ನನ್ನ ಮುಖ ನೋಡಿದ.

ನಾನು ಸೆರಗಿನ ಮರೆಯಿಂದ ಕೆಂಪು ಉಣ್ಣೆ ತೆಗೆದು ಎಡದಂಚಿಗೆ ಬಿಗಿಯಾಗಿ ಕಟ್ಟಿದೆ. ದಾರ ತೋರಿಸಿ, ಹುಡುಕಲು ಹೇಳು ಎಂದು ಅವನಿಗೆ ಸನ್ನೆ ಮಾಡಿದೆ.

"ಅಮ್ಮಾ, ನಿನ್ನ ಕಂಬಳೀಲಿ ಕೆಂಪು ದಾರ ಇದೆ. ಅದನ್ನ ನೀನೇ ಹುಡುಕಿದ್ರೆ ಮಗ್ಗ ಬಿಚ್ಚಲ್ಲ."

"ಕೆಂಪಾ? ನನ್ನ ಕಂಬಳೀಲಾ?"

ಬಲಗಡೆಯೆಲ್ಲ ತಡಕಿದಳು. ಮತ್ತೆ ತಡಕಿದಳು. ಲಸ್ಸಾದ್ ಸುತ್ತಿಗೆ ಎತ್ತಿಕೊಂಡ. ಅವನ ಮಣಿಕಟ್ಟು ಹಿಡಿದು ಕೂರಿಸಿದೆ. ಅವಳು ಹಲ್ಲು ಕಚ್ಚಿ, ಹಾಸಿನ ಮೇಲೆ ಬೆರಳಿಟ್ಟು, ಒಂದೊಂದೇ ಎಳೆ ಮೀಟುತ್ತಾ ಎಡಕ್ಕೆ ಸರಿದಳು. ಮಧ್ಯೆ ನಾಲ್ಕು ಸಲ ನಿಂತಳು. ನಾಲ್ಕು ಸಲವೂ ತನ್ನನ್ನು ತಾನೇ ಬೈದುಕೊಂಡು ಮುಂದೆ ಹೋದಳು. ಒಲೆಯ ಮೇಲಿದ್ದ ಚಹಾ ಕುದಿದು ಬತ್ತಿತು.

ಬೆರಳು ಕೆಂಪಿಗೆ ತಾಗಿತು.

"ಯಾವಳೇ ಇದನ್ನ ಕಟ್ಟಿದ್ದು?" ಎನ್ನುತ್ತಾ ಅವಳು ಮುಖವನ್ನು ಇನ್ನೂ ಎಡಕ್ಕೆ ತಿರುಗಿಸಿದಳು. ನನ್ನನ್ನು ಕಂಡಳು.

"ನೀನಾ! ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೇ?"

ನಾನು ಅತ್ತುಬಿಟ್ಟೆ. ಲಸ್ಸಾದ್ ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಅಳೋದು ಆಮೇಲೆ," ಎಂದಳು ಮಬ್ರೂಕಾ. "ಮೊದಲು ಈ ಅರ್ಧ ಸಾಲು ಯಾರು ಬಿಟ್ಟಿದ್ದು ಹೇಳು. ಹಾಕು ಗಂಟು!"