ಎರಡು ಬೆರಳಷ್ಟು ಸಡಿಲ

ಅವರ ಬಾಯಲ್ಲಿ ಹಲ್ಲಿಗಿಂತ ಗುಂಡುಸೂಜಿಗಳೇ ಹೆಚ್ಚಾಗಿದ್ದವು. ತುಟಿಯ ಬಲಭಾಗದಲ್ಲಿ ಏಳೆಂಟು ಸೂಜಿ ಕಚ್ಚಿಕೊಂಡು ಎಡಭಾಗದಿಂದ ಮಾತಾಡುತ್ತಿದ್ದರು. ಸೂಜಿಗಳು ಒಂದೊಂದಾಗಿ ನಮ್ಮ ಬಟ್ಟೆಗೆ ವರ್ಗವಾದಂತೆಲ್ಲ ಮಾತು ಸ್ಪಷ್ಟವಾಗುತ್ತಿತ್ತು. ಅಷ್ಟು ಹೊತ್ತೂ ಅವರು ನಮ್ಮನ್ನು ಬೈಯುತ್ತಿದ್ದರೆಂದು ಗೊತ್ತಾಗುತ್ತಿದ್ದದ್ದು ಟ್ರಯಲ್ ಮುಗಿಯುವ ಹೊತ್ತಿಗೇ. ಬಲಭಾಗ ಅಂದೆ. ಅದನ್ನು ಪೂರ್ತಿ ನಂಬಬೇಡಿ. ನಾನು ಅವರನ್ನು ಹೆಚ್ಚಾಗಿ ನೋಡಿದ್ದು ಅಂಗಡಿಯ ಕನ್ನಡಿಯಲ್ಲಿ.

ಕೆಸರೆಯಲ್ಲಿ ನಮ್ಮ ಬೀದಿ ತಿರುಗುವಲ್ಲೇ ಆ ಅಂಗಡಿ. ಇಡೀ ಬೀದಿಗೆ ಅವರು ಟೈಲರ್ ಮಾಸ್ಟ್ರು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಕಾಜಾ ತೆಗೆಯುತ್ತ, ಗುಂಡಿ ಹಾಕುತ್ತಿದ್ದ ಅವರ ಹೆಂಡತಿ ಎಲ್ಲರಿಗೂ ಆಂಟಿ. ನನ್ನ ಎತ್ತರ ಐದಡಿಗೆ ಒಂದಿಂಚು ಕಡಿಮೆ. ಮೂವತ್ತಾರನೇ ವಯಸ್ಸಿನಲ್ಲಿ ನಾನು ಹೊಲಿಸಿದ ಪ್ಯಾಂಟಿನ ಕಾಲಿನೊಳಗೆ ಮಾಸ್ಟ್ರು ಮೂರಿಂಚು ಬಟ್ಟೆ ಮಡಿಸಿ ಬಿಟ್ಟಿದ್ದರು, ಶಾಲೆಯ ಮಕ್ಕಳ ಯೂನಿಫಾರ್ಮಿಗೆ ಬಿಡುವ ಹಾಗೆ.

"ನಾನಿನ್ನೂ ಬೆಳೀತೀನಾ ಮಾಸ್ಟ್ರೇ?"

"ಬೆಳೀದಿದ್ರೆ ಅದು ನಿನ್ ತಪ್ಪು ಕಣಪ್ಪ. ಬಟ್ಟೆ ಕಡೆಯಿಂದ ತಪ್ಪಾಗ್ಬಾರ್ದು."

ಸಿಸ್ಟರ್ ಬಂದದ್ದು ಆ ಪ್ಯಾಂಟಿನ ವರ್ಷವೇ. ಅವರು ನಮ್ಮ ಬಡಾವಣೆಯಲ್ಲೇ ಹುಟ್ಟಿ ಬೆಳೆದ ಕನ್ಯಾಸ್ತ್ರೀ. ಬಹಳ ವರ್ಷಗಳಿಂದ ಮಡಗಾಸ್ಕರ್ ದ್ವೀಪದ ಒಂದು ಅನಾಥಾಲಯದಲ್ಲಿ ಕೆಲಸ. ಎರಡು ತಿಂಗಳ ರಜೆಗೆ ಮನೆಗೆ ಬಂದಿದ್ದರು. ಅಲ್ಲಿರುವ ಮೂವತ್ತೊಂದು ಮಕ್ಕಳಿಗೆ ಹೊಸಬಟ್ಟೆ ಒಯ್ಯಬೇಕೆಂದು ಅವರ ಆಸೆ. ಚರ್ಚಿನವರು ಬಟ್ಟೆಯ ಥಾನು ಕೊಡಿಸಿದ್ದರು, ಹುಡುಗರಿಗೆ ಬಿಳಿ ಶರಟು, ಹುಡುಗಿಯರಿಗೆ ಬಿಳಿ ಕಾಲರಿನ ನೀಲಿ ಫ್ರಾಕು. ಹೊಲಿದುಕೊಡಲು ಮಾಸ್ಟ್ರು ಆಗಲೇ ಒಪ್ಪಿದ್ದರು. ಸಿಸ್ಟರ್ ಥಾನನ್ನು ಮೇಜಿನ ಮೇಲಿಟ್ಟು, "ಸ್ಮಾಲ್ ಹತ್ತು, ಮೀಡಿಯಂ ಹತ್ತು, ಲಾರ್ಜ್ ಹನ್ನೊಂದು ಮಾಡ್ಬಿಡಿ ಮಾಸ್ಟ್ರೇ," ಎಂದರು.

ಮಾಸ್ಟ್ರು ಬಾಯಿಂದ ಸೂಜಿಗಳನ್ನು ಒಟ್ಟಿಗೆ ತೆಗೆದು ಡಬ್ಬಿಗೆ ಹಾಕಿದರು. ಹಾಗೆ ಎಲ್ಲವನ್ನೂ ಒಮ್ಮೆಗೇ ತೆಗೆದದ್ದನ್ನು ನಾನು ನೋಡಿರುವುದು ಎರಡೇ ಸಲ.

"ಸಣ್ಣದು, ಮಧ್ಯದ್ದು, ದೊಡ್ಡದು ಅನ್ನೋಕೆ ಅವೇನು ಈರುಳ್ಳೀನಾ ಸಿಸ್ಟರ್?"

ಆ ಸಿಟ್ಟಿಗೆ ಒಂದು ಹಿನ್ನೆಲೆ ಇತ್ತು. ಮಾಸ್ಟ್ರು ಸ್ವತಃ ಅನಾಥಾಲಯದಲ್ಲಿ ಬೆಳೆದವರು, ಇದೇ ಊರಿನಲ್ಲಿ. ಆಗ ಅಲ್ಲಿಗೆ ಹೊರದೇಶದಿಂದ ಹಳೆಬಟ್ಟೆಯ ಗಂಟುಗಳು ಬರುತ್ತಿದ್ದವಂತೆ. ಒಂದು ಸಲ ಅವರ ಪಾಲಿಗೆ ಬಂದದ್ದು ಯಾರೋ ದೊಡ್ಡ ಹುಡುಗಿಯ ಉಣ್ಣೆಯ ಕೋಟು. "ನಾನು ಒಳಗೇ ಹಿಂದಕ್ಕೆ ತಿರುಗಿದ್ರೂ ಕೋಟು ಮುಂದಕ್ಕೇ ನೋಡ್ತಿತ್ತು," ಅನ್ನುತ್ತಿದ್ದರು. ಈ ಕತೆಯನ್ನು ನಾನು ಮೂರು ಸಲ ಕೇಳಿದ್ದೇನೆ. ಮೊದಲ ಸಲ ಕೋಟು ಕಂದು, ಎರಡನೇ ಸಲ ಹಸಿರು, ಮೂರನೇ ಸಲ ಅದಕ್ಕೆ ಕಾಲರೇ ಇರಲಿಲ್ಲ. ಕೋಟಿನ ಬಣ್ಣದ ಬಗ್ಗೆ ನನಗೆ ಭರವಸೆಯಿಲ್ಲ. ಆದರೆ ಮೂರು ಸಲವೂ ಕೊನೆಯ ಮಾತು ಮಾತ್ರ ಒಂದೇ: "ಆವಾಗ ನಾವೇ ಯಾರಿಗೋ ಫಾರಿನ್ ಅನಾಥಾಲಯ ಕಣಪ್ಪ. ಅಳತೆ ತಗೊಳ್ಳೋದು ಅಂದ್ರೇನು? ಒಬ್ರು ಒಂದು ನಿಮಿಷ ನಿನ್ನೊಬ್ಬನ್ನೇ ನೋಡೋದು. ಅದು ನಂಗೆ ಆಗಿದ್ದು ಇಪ್ಪತ್ತು ವರ್ಷಕ್ಕೆ, ಅದೂ ನಾನೇ ಟೇಪ್ ಹಿಡ್ಕೊಂಡ್ಮೇಲೆ."

ಹೀಗಾಗಿ ಮೂವತ್ತೊಂದು ಮಕ್ಕಳ ಅಳತೆ ಫೋನಿನಲ್ಲೇ ಶುರುವಾಯಿತು. ನಮ್ಮ ಸಿಸ್ಟರ್ ಅವರ ಮೊಬೈಲನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿದರು. ಆ ಕಡೆ ಕನ್ನಡ ಬಾರದ ಇನ್ನೊಬ್ಬ ಸಿಸ್ಟರ್ ಟೇಪು ಹಿಡಿದು ನಿಂತಿದ್ದರು. ಅವರು ಪ್ರತಿ ಮಗುವಿನ ಮುಖವನ್ನೂ ಹತ್ತಿರಕ್ಕೆ ತಂದು, ನಗಿಸಿ, ಹೆಸರು ಹೇಳುತ್ತಿದ್ದರು.

"ಮುಖಕ್ಕೆ ನಾನೇನು ಹೊಲೀತೀನಾ? ಭುಜ ತೋರ್ಸಕ್ಕೆ ಹೇಳಿ ಸಿಸ್ಟರ್. ಟೇಪಿನೊಳಗೆ ಎರಡು ಬೆರಳು ಇಟ್ಕೊಂಡು ಅಳೀಬೇಕು. ಮಕ್ಕಳು ಉಸಿರಾಡ್ತವೆ ಅಂತ ತಿಳಿಸಿ ಅವ್ರಿಗೆ."

ಬೈದರೂ ಹೆಸರುಗಳನ್ನೆಲ್ಲ ಒಂದೊಂದು ಚೀಟಿಯ ಮೇಲೆ ಬರೆದುಕೊಂಡರು. ಆ ದ್ವೀಪದ ಹೆಸರುಗಳು ಮೆರವಣಿಗೆಯಷ್ಟು ಉದ್ದ. ಒಂದು ಮಗುವಿನ ಹೆಸರು ಬರೆಯಲು ಚೀಟಿ ಸಾಲದೆ ಹಿಂಭಾಗಕ್ಕೂ ಹೋಯಿತು. ಮಾಸ್ಟ್ರು ಪೆನ್ಸಿಲ್ ಕೆಳಗಿಟ್ಟರು. "ಹೆಸರು ಇಷ್ಟುದ್ದ ಇದೆ, ತೋಳು ಇಷ್ಟೇನಾ? ಇನ್ನೊಂದ್ಸಲ ಅಳೀಲಿ."

ಅಳತೆಯೇನೋ ಸಿಕ್ಕಿತು. ಆದರೆ ಟ್ರಯಲ್ ನೋಡದೆ ಬಟ್ಟೆ ಕೊಟ್ಟ ಟೈಲರ್ ಅವರಲ್ಲ. ಮಡಗಾಸ್ಕರಿನ ಮಗುವಿಗೆ ಕೆಸರೆಯಲ್ಲಿ ಟ್ರಯಲ್ ನೋಡುವುದು ಹೇಗೆ? ಮಾಸ್ಟ್ರು ಟೇಪನ್ನು ಕೊರಳಿಗೆ ಹಾಕಿಕೊಂಡು ಬೀದಿಗಿಳಿದರು. ಲಗೋರಿ ಆಡುತ್ತಿದ್ದವರನ್ನು, ಟ್ಯೂಷನ್ನಿಗೆ ಹೊರಟವರನ್ನು, ಅಮ್ಮನ ಸೆರಗು ಹಿಡಿದು ಹಾಲಿಗೆ ಬಂದವರನ್ನು ನಿಲ್ಲಿಸಿ ಅಳೆದರು. ಒಂದು ವಾರದಲ್ಲಿ ಆ ದ್ವೀಪದ ಮೂವತ್ತು ಮಕ್ಕಳಿಗೆ ಸರಿಸಮ ಅಳತೆಯ ಮೂವತ್ತು ಮಕ್ಕಳು ನಮ್ಮ ಸುತ್ತಮುತ್ತಲೇ ಸಿಕ್ಕಿದರು. ಉಳಿದವನು ಹದಿನೈದು ವರ್ಷದ ರಾಕೊತೊ. ಅವನ ಭುಜ ಯಾರಿಗೂ ಕೂಡಲಿಲ್ಲ. ಮಾಸ್ಟ್ರು ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಿದ್ದರು.

"ನಂಗೆ ಹೆಂಡ್ತಿ ಇದ್ದಾಳೆ ಮಾಸ್ಟ್ರೇ."

"ಇರ್ಲಿ, ಶರಟಿಗೇನು ತೊಂದರೆ? ರಾಕೊತೊ, ನೆಟ್ಟಗೆ ನಿಂತ್ಕೊ. ಹೊಟ್ಟೆ ಒಳಗೆ ಎಳ್ಕೊ. ಆ ಹುಡುಗನಿಗೆ ಹೊಟ್ಟೆ ಇಲ್ಲ."

ಸಿಸ್ಟರ್ ಹೊರಡುವ ದಿನ ಭಾನುವಾರ. ಸಂಜೆ ಐದಕ್ಕೆ ವಿಮಾನ ನಿಲ್ದಾಣಕ್ಕೆ ಕಾರು. ಕೊನೆಯ ಟ್ರಯಲ್ ಬೆಳಿಗ್ಗೆ ಹತ್ತಕ್ಕೆ. ಮೂವತ್ತು ಮಕ್ಕಳೂ ಬಂದು, ಬಟ್ಟೆ ತೊಟ್ಟು, ಅಂಗಡಿಯ ಮುಂದೆ ಸಾಲಾಗಿ ನಿಂತರು. ನಾನೂ ನನ್ನ ಶರಟನ್ನು ಮೊಳೆಗೆ ನೇತುಹಾಕಿ ರಾಕೊತೊನ ಶರಟು ತೊಟ್ಟೆ. ಮಾಸ್ಟ್ರು ಬಾಯ್ತುಂಬ ಸೂಜಿ ಇಟ್ಟುಕೊಂಡು ಸಾಲಿನ ಒಂದು ತುದಿಯಿಂದ ಬಗ್ಗಿ ನೋಡುತ್ತ ಬಂದರು. ಎಲ್ಲವೂ ಸರಿಯಾಗಿತ್ತು.

ಆಗ ಯಾವುದೋ ಮಗು, "ಅಮ್ಮಂಗೆ ತೋರ್ಸ್ಬುಟ್ಟು ಬತ್ತೀನಿ," ಎಂದು ಓಡಿತು. ಹೊಸಬಟ್ಟೆ ತೊಟ್ಟರೆ ಮನೆಯಲ್ಲಿ ತೋರಿಸಿ, ದೊಡ್ಡವರ ಕಾಲಿಗೆ ಬೀಳಬೇಕಲ್ಲ. ಎರಡನೆಯದೂ ಓಡಿತು. ಮಾಸ್ಟ್ರು ಏನೋ ಕೂಗಿದರು. ಬಾಯಲ್ಲಿ ಸೂಜಿ, ಯಾರಿಗೂ ಅರ್ಥವಾಗಲಿಲ್ಲ. ಅವರು "ನಿಲ್ಲಿ" ಅಂದರೆಂದು ಆಂಟಿ ಹೇಳುತ್ತಾರೆ. ನನಗೆ ಕೇಳಿಸಿದ್ದು "ಹೋಗಿ" ಅಂತ. ಒಂದು ನಿಮಿಷದಲ್ಲಿ ಅಂಗಡಿಯ ಮುಂದೆ ಉಳಿದವರು ನಾನು, ಆಂಟಿ, ಮಾಸ್ಟ್ರು, ಮತ್ತು ತೆರೆದ ಟ್ರಂಕಿನ ಪಕ್ಕದಲ್ಲಿ ಜಪಮಾಲೆ ಹಿಡಿದ ಸಿಸ್ಟರ್.

"ಓಡೋ!" ಎಂದರು ಮಾಸ್ಟ್ರು. ನಾನು ಮನೆಮನೆಗೂ ಓಡಿದೆ.

ಮೊದಲು ವಾಪಸು ಬಂದ ಹುಡುಗಿಯ ಬಿಳಿ ಕಾಲರಿನ ತುದಿಯಲ್ಲಿ ಒಂದು ಹಳದಿ ಬೊಟ್ಟು.

"ಇದೇನಮ್ಮ ಇದು?"

"ಅರಿಶಿನ. ಹೊಸಬಟ್ಟೆ ಅಲ್ವಾ, ಅಮ್ಮ ಇಟ್ರು."

ಅವಳ ಹಿಂದೆ ಬಂದವನ ಶರಟಿನ ಅಂಚಿನಲ್ಲೂ ಬೊಟ್ಟು, ಅವನ ಹಿಂದಿನವಳ ಫ್ರಾಕಿಗೂ. ಅರಿಶಿನ ಇಡುವ ಪದ್ಧತಿಯಿಲ್ಲದ ಮನೆಗಳ ಮಕ್ಕಳಾದರೂ ಉಳಿದಾರೆಂದುಕೊಂಡರೆ, ಅವರನ್ನು ಪಕ್ಕದ ಮನೆಯವರು ಕರೆದು ಇಟ್ಟು ಕಳಿಸಿದ್ದರು.

ಆಂಟಿ ಕಾಲರಿಗೆ ಸೋಪು ತಿಕ್ಕಿದರು. ಅರಿಶಿನ ಸೋಪಿಗೆ ಕೆಂಪಾಗುತ್ತದೆಂಬುದು ಆ ಗಾಬರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಸಿಸ್ಟರ್ ಕೂಗಿಕೊಂಡರು. "ಅಯ್ಯೋ ದೇವ್ರೇ, ರಕ್ತದ ಥರ ಕಾಣ್ತಿದೆ! ಏರ್‌ಪೋರ್ಟಲ್ಲಿ ಟ್ರಂಕ್ ತೆಗ್ಸಿದ್ರೆ ಏನಂತ ಹೇಳ್ಲಿ? ಅಲ್ಲಿ ನಮ್ಮ ಮದರ್‌ಗೆ ಏನಂತ ಹೇಳ್ಲಿ? ಇವನ್ನ ಒಯ್ಯೋದು ಬೇಡ ಮಾಸ್ಟ್ರೇ. ದಾರೀಲಿ ರೆಡಿಮೇಡ್ ಏನಾದ್ರೂ ತಗೋತೀನಿ."

ಮಾಸ್ಟ್ರು ಎರಡನೇ ಸಲ ಸೂಜಿಗಳನ್ನೆಲ್ಲ ತೆಗೆದು ಡಬ್ಬಿಗೆ ಹಾಕಿದರು. ಎರಡು ತಿಂಗಳ ಕೆಲಸ ಮೇಜಿನ ಮೇಲೆ ರಾಶಿ ಬಿದ್ದಿತ್ತು. ಈಗ ಕೂಗಾಡುತ್ತಾರೆ ಎಂದುಕೊಂಡೆ. ಅವರು ಕಾಲರನ್ನು ಕೈಗೆತ್ತಿಕೊಂಡು, ಹೊಲಿಗೆ ಪರೀಕ್ಷಿಸುವವರ ಹಾಗೆ ಬೊಟ್ಟನ್ನು ನೋಡಿದರು.

"ಒಗೀಬೇಡಿ. ಹಿಂಗೇ ಹೋಗ್ಲಿ. ಅಳತೆ ತಗೊಳ್ಳೋದು ನಂಗೆ ಗೊತ್ತು ಸಿಸ್ಟರ್. ಇದನ್ನ ಇಡೋದು ನಂಗೆ ಹೊಳೀತಾನೇ ಇರ್ಲಿಲ್ಲ. ನಂಗ್ಯಾರೂ ಇಟ್ಟಿರ್ಲಿಲ್ಲವಲ್ಲ. ಒಂದೊಂದು ಬಟ್ಟೆಗೂ ಒಬ್ಬೊಬ್ಳು ತಾಯಿ ಇಟ್ಟಿದ್ದಾಳೆ ಅಂತ ಆ ಮಕ್ಕಳಿಗೆ ಹೇಳಿ. ಅಷ್ಟು ಹೇಳೋಕೆ ನಿಮ್ಗೆ ಅವ್ರ ಭಾಷೆ ಬರತ್ತಲ್ಲ?"

ಸಿಸ್ಟರ್ ಒಂದೊಂದೇ ಬಟ್ಟೆ ಮಡಿಸಿ, ಹೆಸರಿನ ಚೀಟಿ ಚುಚ್ಚಿ, ಟ್ರಂಕಿಗೆ ಇಡತೊಡಗಿದರು. ಎಣಿಸಿದರೆ ಮೂವತ್ತು.

"ರಾಕೊತೊ ಎಲ್ಲಿ?" ಎಂದರು ಮಾಸ್ಟ್ರು.

ಹದಿನೈದು ವರ್ಷದ ಹುಡುಗ, ಎಲ್ಲರಿಗೂ ಬಂದು ತನಗೊಬ್ಬನಿಗೇ ಬರದಿದ್ದರೆ! ನಾನು ಮತ್ತೆ ಓಡಿದೆ. ಮೂವತ್ತು ಮನೆಗೂ ಹೋಗಿ, "ಒಂದು ಬಿಳಿ ಶರಟು ಉಳಿದಿದೆಯಾ?" ಎಂದು ವಿಚಾರಿಸಿದೆ. ಹಗ್ಗದ ಮೇಲೆ ಒಣಗಿದ ಬಟ್ಟೆಗಳನ್ನು ಎತ್ತಿ ನೋಡಿದೆ. ಒಬ್ಬ ಅಜ್ಜಿಯ ಮೇಲೆ ಅನುಮಾನಪಟ್ಟು, ಅವರು ತಮ್ಮ ಪೆಟ್ಟಿಗೆ ತೆರೆದು ತೋರಿಸುವವರೆಗೂ ನಿಂತೆ. ನಾಲ್ಕು ಗಂಟೆಗೆ ಬೆವರಿಳಿಸುತ್ತ ವಾಪಸು ಬಂದು, "ಇಲ್ಲ ಮಾಸ್ಟ್ರೇ, ಯಾರೋ ಬಚ್ಚಿಟ್ಬುಟ್ಟಿದ್ದಾರೆ," ಎಂದೆ.

ಆಂಟಿ ಗೋಡೆಯ ಮೊಳೆಯನ್ನೂ ನನ್ನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. "ನಿನ್ ಶರಟು ಅಲ್ಲಿ ನೇತಾಡ್ತಾ ಇದೆ ಕಣೋ. ಹಂಗಾದ್ರೆ ನಿನ್ ಮೈಮೇಲಿರೋದು ಯಾರ್ದು?"

ತನಗೆ ಮೊದಲೇ ಗೊತ್ತಿತ್ತು, ಓಡಾಡಿ ಇವನ ಹೊಟ್ಟೆ ಕರಗಲಿ ಅಂತ ಸುಮ್ಮನಿದ್ದೆ ಎಂದು ಮಾಸ್ಟ್ರು ಆಮೇಲೆ ಊರಿಗೆಲ್ಲ ಹೇಳಿದರು. ಸುಳ್ಳು. ನಾನು ಕನ್ನಡಿಯಲ್ಲಿ ನೋಡಿದ್ದೇನೆ, ಅವರ ಬಾಯಿ ಕೂಡ ತೆರೆದೇ ಇತ್ತು. ಅಥವಾ ಅದು ನನ್ನ ಬಾಯಿಯೋ.

ಬನಿಯನ್ನಿನಲ್ಲಿ ನಿಂತೇ ನಾನು ಶರಟಿಗೆ ಇಸ್ತ್ರಿ ಹಾಕಿದೆ. ಸಿಸ್ಟರ್ ಅದನ್ನು ಮಡಿಸಹೋಗಿ ನಿಂತರು. ಕಾಲರು ತಿರುಗಿಸಿದರು, ಅಂಚು ತಿರುಗಿಸಿದರು.

"ಇದಕ್ಕೊಂದು ಇಲ್ವಲ್ಲ ಆಂಟಿ."

ಆಂಟಿ ಅಂಗಡಿಯ ಹಿಂದಿನ ಅಡುಗೆಮನೆಗೆ ಹೋಗಿ, ಸಾರಿನ ಅರಿಶಿನವನ್ನೇ ಬೆರಳಿಗೆ ಹಚ್ಚಿಕೊಂಡು ಬಂದರು. ಅವರ ಮನೆಯಲ್ಲೂ ಆ ಪದ್ಧತಿಯಿಲ್ಲ; ಆಯಸ್ಸಿನಲ್ಲಿ ಮೊದಲ ಸಲ ಇಡುತ್ತಿದ್ದರಿಂದ ಬೊಟ್ಟು ಸ್ವಲ್ಪ ದೊಡ್ಡದೇ ಆಯಿತು.

ಎರಡು ವಾರದ ನಂತರ ಫೋಟೊ ಬಂತು. ಮೂವತ್ತೊಂದು ಮಕ್ಕಳೂ ತಮ್ಮತಮ್ಮ ಅರಿಶಿನದ ಬೊಟ್ಟನ್ನು ಬೆರಳಿನಿಂದ ಎಳೆದು ಕ್ಯಾಮೆರಾಕ್ಕೆ ತೋರಿಸುತ್ತಿದ್ದರು. ನಡುವೆ ರಾಕೊತೊ, ಎಲ್ಲರಿಗಿಂತ ದೊಡ್ಡ ಬೊಟ್ಟಿನವನು, ಬಾಯಿಬಿಟ್ಟು ನಗುತ್ತಿದ್ದ. ಮಾಸ್ಟ್ರು ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದರು.

"ಎಡಭುಜ ಎದ್ದಿದೆ."

"ಅವ್ನು ನಗ್ತಿದ್ದಾನಲ್ಲ ಮಾಸ್ಟ್ರೇ, ಅದಕ್ಕೆ."

"ಟ್ರಯಲ್ ನೋಡ್ದಾಗ ನೀನು ನಗ್ಲೇ ಇಲ್ಲ. ಅದಕ್ಕೇ ತಪ್ಪಾಗಿರೋದು," ಎಂದರು. ಗುಂಡಿ ಹಾಕುತ್ತಿದ್ದ ಆಂಟಿ ಸೂಜಿ ನಿಲ್ಲಿಸಿ ನಕ್ಕರು.

ಮಾಸ್ಟ್ರು ತೀರಿಕೊಂಡು ಈಗ ವರ್ಷ ಕಳೆದಿದೆ. ಊರಿಗೆಲ್ಲ ಹೊಲಿದವರು ತಮಗೊಂದು ಕೋಟು ಹೊಲಿದುಕೊಂಡಿರಲಿಲ್ಲ. ಕೊನೆಯ ಪಯಣಕ್ಕೆ ಕೋಟು ಹಾಕಬೇಕೆಂದು ಆಂಟಿಯ ಕಡೆಯ ಯಾರೋ ನೆಂಟರು ಪೇಟೆಯಿಂದ ರೆಡಿಮೇಡ್ ತಂದರು. ಕಾಲರಿನೊಳಗೆ ಲಾರ್ಜ್ ಎಂಬ ಚೀಟಿ. ತೋಳು ಬೆರಳ ತುದಿಯವರೆಗೆ ಇಳಿದಿತ್ತು. ಬಣ್ಣ ಕಂದು. ಹಸಿರಲ್ಲ, ಇದೊಂದು ನನಗೆ ಖಚಿತ.

ಆಂಟಿ ಅದನ್ನು ನೋಡಿ, "ಕಡೇಗೂ ಇವ್ರಿಗೆ ಇನ್ನೊಬ್ರ ಅಳತೇದೇ ಬಂತಲ್ಲ," ಎಂದು, ಗುಂಡುಸೂಜಿಯ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು.

ನಾನು ತೋಳನ್ನು ಒಳಕ್ಕೆ ಮಡಿಸಿದೆ, ಬೆನ್ನಿನ ಕಡೆ ಹಿಡಿದು ಚುಚ್ಚಿದೆ. ಫಾದರ್ ಬಂದು ಏನೋ ಕೇಳಿದಾಗ ಉತ್ತರ ಹೇಳಲಾಗಲಿಲ್ಲ. ನನ್ನ ಬಾಯಲ್ಲಿ ಸೂಜಿಗಳಿದ್ದದ್ದು ಆಗಲೇ ನನಗೆ ಗೊತ್ತಾದದ್ದು. ಗುಂಡಿ ಹಾಕಿ, ಕೋಟಿನೊಳಗೆ ಎರಡು ಬೆರಳು ಆಡಿಸಿ ನೋಡಿದೆ. ಅಷ್ಟು ಸರಿಯಿತ್ತು. ಎಡಭುಜ ಮಾತ್ರ ಏಳುತ್ತಿತ್ತು. ಬಿಚ್ಚಿ ಚುಚ್ಚಿದೆ. ಮತ್ತೆ ಎದ್ದಿತು. ಮೂರನೇ ಸಲ ಬಿಚ್ಚಹೊರಟಾಗ ಆಂಟಿ ನನ್ನ ಕೈ ಹಿಡಿದುಕೊಂಡರು.

"ಸಾಕು ಬುಡು. ನಗ್ತಿದ್ದಾರೆ ಅಂದ್ಕೊ."