ಊಟಕ್ಕೆ ಎದ್ದಾಗ ಮಾಯವಾಗುತ್ತಿದ್ದ ಡಿಸ್ಕ್

ರಾಮದುರ್ಗದ ನಮ್ಮ ಫೋಟೊ ಸ್ಟುಡಿಯೊದಲ್ಲಿ ಇರುವುದು ನಾವಿಬ್ಬರೇ. ಕಂಪ್ಯೂಟರಿನ ಮುಂದೆ ಕುಳಿತು ಮದುವೆ ಆಲ್ಬಮ್ ಜೋಡಿಸುವವನು ನಾನು, ಕ್ಯಾಮೆರಾ ಹಿಡಿಯುವವರು ನಾನು ಚಾಚಾ ಎಂದು ಕರೆಯುವ ಹಿರಿಯರು. ರೀಲಿನ ಕಾಲದಲ್ಲಿ ಅವರದೇ ಸ್ಟುಡಿಯೊ ಇತ್ತು, ನಾನು ಕೆಲಸ ಕಲಿತದ್ದು ಅಲ್ಲಿಯೇ. ಅವರದು ಮುಚ್ಚಿ ನನ್ನದು ತೆರೆದಾಗ, “ಬರ್ರಿ ಚಾಚಾ, ಕೂಡೇ ಮಾಡೂಣು” ಎಂದು ಕರೆದವನೂ ನಾನೇ. ಹದಿಮೂರು ವರ್ಷ ಜೊತೆಗೆ ದುಡಿದ ಮೇಲೆ ಅವರ ಮೇಲೆ ನನಗೆ ಸಂಶಯ ಬಂತು.

ಹೊಸ ಕಂಪ್ಯೂಟರ್ ತಂದ ತಿಂಗಳಲ್ಲೇ ಶುರುವಾಯಿತು. ನಮ್ಮ ಫೋಟೊಗಳೆಲ್ಲ ಇದ್ದದ್ದು ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಚುಚ್ಚಿಟ್ಟಿರುತ್ತಿದ್ದೆ. ಮಧ್ಯಾಹ್ನ ಮನೆಗೆ ಹೋಗಿ ಉಂಡು ಬಂದರೆ ಪರದೆಯ ಮೇಲೆ ಡಿಸ್ಕ್ ಇರುತ್ತಿರಲಿಲ್ಲ. ವೈರ್ ತೆಗೆದು ಮತ್ತೆ ಚುಚ್ಚಿದರೆ ಬರುತ್ತಿತ್ತು. ನಾನು ಕುರ್ಚಿಯಲ್ಲಿದ್ದಷ್ಟು ಹೊತ್ತು ಏನೂ ಆಗುತ್ತಿರಲಿಲ್ಲ. ನಾನು ಎದ್ದು ಹೋದ ಹೊತ್ತಿನಲ್ಲಿ ಅಂಗಡಿಯಲ್ಲಿ ಉಳಿಯುತ್ತಿದ್ದವರು ಚಾಚಾ ಒಬ್ಬರೇ.

“ಚಾಚಾ, ಡಿಸ್ಕ್ ಮುಟ್ಟಿದ್ರೇನು?”

“ನಾ ಯಾಕ ಮುಟ್ಟಲಿ? ಒಳಗ ಪಾಸ್‌ಪೋರ್ಟ್ ಫೋಟೊ ತಗ್ಯಾಕತ್ತಿದ್ದೆ.”

ಅದೇ ವಾರ ಫ್ರೇಮ್ ಅಂಗಡಿಯವರು ಮಾತಿಗೆ ಮಾತು ಬಂದು ಒಂದು ಸುದ್ದಿ ಹೇಳಿದರು. ಚಾಚಾನ ಅಣ್ಣನ ಮಗ ಸವದತ್ತಿಯಲ್ಲಿ ಸ್ಟುಡಿಯೊ ಹಾಕುತ್ತಿದ್ದಾನಂತೆ. ಚಾಚಾ ನನ್ನ ಮುಂದೆ ತುಟಿ ಬಿಚ್ಚಿರಲಿಲ್ಲ. ನಾವು ಸುತ್ತಲಿನ ಊರುಗಳಲ್ಲಿ ತೆಗೆದ ಅಷ್ಟೂ ಮದುವೆಗಳು ಆ ಡಿಸ್ಕಿನಲ್ಲಿದ್ದವು. ಅದನ್ನು ಕಿತ್ತು ಇನ್ನೊಂದು ಕಂಪ್ಯೂಟರಿಗೆ ಹಾಕಿ ಇಳಿಸಿಕೊಳ್ಳಲು ನನ್ನ ಊಟದ ಹೊತ್ತು ಸಾಕಲ್ಲವೇ?

ಮರುದಿನ ವೈರ್ ಸೇರುವ ಜಾಗದಲ್ಲಿ ಬಾಲ್‌ಪೆನ್ನಿನಿಂದ ಸಣ್ಣ ಗೆರೆ ಎಳೆದು ಊಟಕ್ಕೆ ಹೋದೆ. ಬಂದಾಗ ಗೆರೆ ಕದಲಿರಲಿಲ್ಲ, ಡಿಸ್ಕ್ ಮಾತ್ರ ಹೋಗಿತ್ತು. ಬೇರೆಯವರಾಗಿದ್ದರೆ ಅಲ್ಲಿಗೆ ಸಂಶಯ ಬಿಡುತ್ತಿದ್ದರು. ನಾನು, ಗೆರೆ ನೋಡಿ ಸರಿಯಾಗಿ ಕೂಡಿಸಿಟ್ಟಿದ್ದಾರೆ ಎಂದುಕೊಂಡೆ. ಸಂಶಯಕ್ಕೆ ಸಾಕ್ಷಿ ಸಿಕ್ಕರೂ ಮೇವು, ಸಿಗದಿದ್ದರೂ ಮೇವು.

ಹೀಗಿರುವಾಗ ತೊರಗಲ್ಲಿನ ಒಂದು ಮದುವೆಯ ಅರಿಷಿಣದ ಫೋಟೊಗಳು ತೆರೆಯದಾದವು. ಡಿಸ್ಕ್ ಹೋಗಿ ಬಂದು ಮಾಡುವುದರಲ್ಲಿ ಆ ಫೋಲ್ಡರ್ ಕೆಟ್ಟಿತ್ತು. ಹುಡುಗಿಯ ಕಾಕಾ ಮರುದಿನ ಫೋಟೊ ಆರಿಸಲು ಬರುವವರಿದ್ದರು. ಚಾಚಾ ಹೊರಗೆ ಹೋದಾಗ ಅವರ ಕ್ಯಾಮೆರಾ ಚೀಲ ಬಿಚ್ಚಿದೆ. ಬ್ಯಾಟರಿ ಹುಡುಕುತ್ತಿದ್ದೇನೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಬದಿಯ ಜೇಬಿನಲ್ಲಿ ಒಂದು ಡಬ್ಬಿ, ಅದರೊಳಗೆ ಏಳೆಂಟು ಮೆಮೊರಿ ಕಾರ್ಡು. ಒಂದೊಂದಕ್ಕೂ ಊರಿನ ಹೆಸರು ಬರೆದ ಚೀಟಿ ಅಂಟಿಸಿದ್ದರು. ತೊರಗಲ್ಲಿನದೂ ಇತ್ತು. ಹಾಕಿ ನೋಡಿದರೆ ಅರಿಷಿಣದ ಫೋಟೊ ಒಂದೂ ಬಿಡದೆ ಇದ್ದವು. ಖುಷಿ ಪಡುವ ಬದಲು ನನಗೆ ಮೈ ಉರಿಯಿತು. ಡಿಸ್ಕಿಗೆ ಹಾಕಿದ ಕೂಡಲೇ ಕಾರ್ಡ್ ಅಳಿಸುವುದು ನಮ್ಮ ರೂಢಿ.

ಚಾಚಾ ಒಳಗೆ ಬಂದರು. ಡಬ್ಬಿ ಮೇಜಿನ ಮೇಲಿತ್ತು.

“ಇವನ್ನ ಯಾಕ ಅಳಸಿಲ್ಲ?” ಎಂದೆ.

“ಡಿಸ್ಕ್ ತಾನಽ ಹೋಗತೈತಿ, ತಾನಽ ಬರತೈತಿ. ಅದನ್ನ ನಂಬಿ ಹ್ಯಾಂಗ ಅಳಸಲಿ? ಹೊಸಾ ಕಾರ್ಡ್ ತಂದು ಕೆಲಸಾ ನಡಸೇನಿ.”

“ಸವದತ್ತಿಗೆ ಒಯ್ಯಾಕ ಅಲ್ಲೇನು?”

ಚಾಚಾ ಡಬ್ಬಿಯ ಮುಚ್ಚಳ ಹಾಕಿದರು. “ಇಷ್ಟ ಅನ್ನೂಕಿಂತ ಮೊದಲ ಒಂದ ಮಾತ ಕೇಳಬೇಕಿತ್ತು ನೀ,” ಎಂದು ಕ್ಯಾಮೆರಾ ಮೇಜಿನ ಮೇಲಿಟ್ಟು ನಡೆದುಬಿಟ್ಟರು.

ಮರುದಿನ ಅವರು ಬರಲಿಲ್ಲ. ತೊರಗಲ್ಲಿನ ಕಾಕಾ ಬಂದರು. ಫೋಟೊ ಆರಿಸುವುದು ಬಿಟ್ಟು ಬೀಗರ ಊರಿನ ಜಗಳ ಹೇಳುತ್ತ ಕುಳಿತರು. ನಾನು ಮೌಸ್ ಬಿಟ್ಟು, ಕೈಕಟ್ಟಿ ಹ್ಞೂಂ ಅನ್ನುತ್ತಿದ್ದೆ. ಅರ್ಧ ಗಂಟೆಯಾಗಿರಬೇಕು. ಕಂಪ್ಯೂಟರ್ ಟುಡುಂಗ್ ಎಂದಿತು. ಡಿಸ್ಕ್ ಪರದೆಯಿಂದ ಹೋಯಿತು. ಅದರ ಹತ್ತಿರ ಒಂದು ನೊಣವೂ ಇರಲಿಲ್ಲ.

“ಯಾಕ್ರಿ, ಮಾರಿ ಸಣ್ಣದಾತು?” ಎಂದರು ಕಾಕಾ. ನಾನು ಮುಖ ಒರೆಸಿಕೊಂಡು ವೈರ್ ತೆಗೆದು ಮತ್ತೆ ಚುಚ್ಚಿದೆ.

ಅವರು ಹೋದ ಮೇಲೆ ಬೈಲಹೊಂಗಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನಿಗೆ ಫೋನ್ ಹಚ್ಚಿದೆ. ಕೇಳಿ ಅವನು ನಕ್ಕ.

“ಕಂಪ್ಯೂಟರಽ ಕರೆಂಟ್ ಬಂದ್ ಮಾಡತೈತೋ ಮಾರಾಯ. ಹೊರಗಿಂದ ಚುಚ್ಚಿದ ಸಾಮಾನ ಸುಮ್ಮನ ಕುಂತಿತ್ತಂದ್ರ, ಉಳಿತಾಯ ಆಗಲಿ ಅಂತ ಅದನ್ನ ಮಲಗಸತೈತಿ. ಕೆಲವು ಡಿಸ್ಕ್ ಮತ್ತ ಏಳೂದಿಲ್ಲ. ನೀ ಕೆಲಸಾ ಮಾಡೂ ಮುಂದ ಎಚ್ಚರಿರತೈತಿ, ಊಟಕ್ಕ ಹ್ವಾದಿ ಅಂದ್ರ ಮಲಗತೈತಿ.”

ಅವನು ಹೇಳಿದಂತೆ ಸೆಟ್ಟಿಂಗಿನೊಳಗೆ ಹೋಗಿ ಯುಎಸ್‌ಬಿಯ ಸಾಲು ಹುಡುಕಿದೆ. ವಿದ್ಯುತ್ ಉಳಿಸಲು ಈ ಸಾಧನವನ್ನು ಬಂದ್ ಮಾಡಬಹುದು ಎಂಬರ್ಥದ ಒಂದು ಮಾತು, ಅದರ ಎದುರು ಟಿಕ್ ಗುರುತು. ತೆಗೆದೆ. ಮಧ್ಯಾಹ್ನವೆಲ್ಲ ಏನನ್ನೂ ಮುಟ್ಟದೆ ನೋಡುತ್ತ ಕುಳಿತೆ. ಡಿಸ್ಕ್ ಹೋಗಲಿಲ್ಲ.

ಸಂಜೆ ಚಾಚಾನ ಮನೆಗೆ ಹೋದೆ. ಗೆರೆ ಎಳೆದದ್ದು, ಚೀಲ ಬಿಚ್ಚಿದ್ದು ಎಲ್ಲ ಹೇಳಿದೆ.

“ಗೆರಿ ನೋಡಿದ್ದೆ,” ಎಂದರು. “ನೀನಽ ಹೇಳತಿ ಅಂತ ಸುಮ್ಮನಿದ್ದೆ.” ಆಮೇಲೆ ತಲೆ ತಗ್ಗಿಸಿ, “ಸವದತ್ತಿದು ಖರೇನಽ ಐತಿ. ಕೆಲಸಾ ಕಲಿಸಾಕ ವಾರಕ್ಕ ಎರಡ ದಿನ ಬಾ ಅಂತ ಅಣ್ಣನ ಮಗ ಅಂದಾನ. ನಿನಗ ಹ್ಯಾಂಗ ಹೇಳಬೇಕಂತ ತಿಳೀಲಿಲ್ಲ.”

ಹೋಗಿ ಬರ್ರಿ ಎಂದೆ. ಸೋಮವಾರ ಅವರು ಕೆಲಸಕ್ಕೆ ಬಂದರು. ಈಗ ವಾರದಲ್ಲಿ ಎರಡು ದಿನ ಸವದತ್ತಿಗೆ ಹೋಗುತ್ತಾರೆ.

ಮೊನ್ನೆ ಅತ್ತ ಹೋದವನು ಆ ಸ್ಟುಡಿಯೊಗೆ ಕಾಲಿಟ್ಟೆ. ಗಿರಾಕಿಗಳಿಗೆ ತೋರಿಸಲು ಒಂದು ದಪ್ಪ ಆಲ್ಬಮ್ ಇಟ್ಟಿದ್ದರು. ಸುಮ್ಮನೆ ಎಂಬಂತೆ ಹಾಳೆ ತಿರುವತೊಡಗಿದೆ. ನಾವು ತೆಗೆದ ಮುಖ ಒಂದಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ಒಳಗಿನಿಂದ ಚಾಚಾ ಬಂದರು. ನನ್ನ ಕೈ ನೋಡಿದರು, ಕುರ್ಚಿ ಎಳೆದು ಹತ್ತಿರ ಇಟ್ಟರು.

“ಕುಂತು ನೋಡು. ಕಡೀ ಹಾಳಿತನಕ ನೋಡು.”

ಕಿವಿ ಬಿಸಿಯಾಯಿತು. ಆದರೂ ಕುಳಿತು ಕಡೆಯ ಹಾಳೆಯವರೆಗೂ ನೋಡಿದೆ.