ಮಾಮಿ ಕೇಳಿದ ಕೈಪಿಡಿ

ಮಾಮಿ ನಮ್ಮನ್ನು ಸರಿಯಾಗಿ ನೋಡಬೇಕೆಂದರೆ ಮುಖವನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದರು. ಎದುರಿಗೆ ನಿಂತವರನ್ನು ಬಿಟ್ಟು ಕಿಟಕಿಯನ್ನೋ ಗೋಡೆಯ ಕ್ಯಾಲೆಂಡರನ್ನೋ ನೋಡುತ್ತ, “ಹಸಿರು ಚೂಡಿದಾರ್ ಹಾಕ್ಕೊಂಡಿದೀಯ, ಅಲ್ವಾ?” ಎಂದು ಕೇಳುವರು. ಎರಡೂ ಕಣ್ಣುಗಳ ನಡುಭಾಗ ಮಾಸಿಹೋಗಿ ಅಂಚಿನಲ್ಲಿ ಮಾತ್ರ ಒಂದಿಷ್ಟು ನೋಟ ಉಳಿದಿತ್ತು. “ನೇರವಾಗಿ ನೋಡಿದ್ದೆಲ್ಲ ಮಾಯ ಆಗತ್ತೆ ಕಣೇ. ಪಕ್ಕದಲ್ಲಿರೋದು ಮಾತ್ರ ನಿಲ್ಲತ್ತೆ” ಎನ್ನುತ್ತಿದ್ದರು. ಆ ದನಿಯಲ್ಲಿ ದುಃಖವಿರಲಿಲ್ಲ. ಇವತ್ತು ಹಾಲು ತಡವಾಗಿ ಬಂತು ಎಂದ ಹಾಗೆ ಇತ್ತು.

ಮದರಾಸಿನ ವಡಪಳನಿಯಲ್ಲಿ ಮುರುಗನ ಗುಡಿಯ ಹಿಂದಿನ ಬೀದಿಯಲ್ಲಿ ನಾವು ಕೆಳಮನೆಯಲ್ಲಿದ್ದೆವು, ಅವರು ಮೇಲ್ಮನೆಯಲ್ಲಿ. ನಮ್ಮಪ್ಪ ಕುಂದಾಪುರದ ಕಡೆಯಿಂದ ಬಂದು ಅದೇ ಬೀದಿಯ ಕೊನೆಯ ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದರು. ಮಾಮಿಯದು ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡದ ವೈಷ್ಣವ ಮನೆತನ. ಮದುವೆಯಾಗಿರಲಿಲ್ಲ. ತಮ್ಮ ಮತ್ತು ತಮ್ಮನ ಹೆಂಡತಿಯ ಜೊತೆ ಇದ್ದರು. ಅವರ ಕನ್ನಡದ ಒಳಗೆ ತಮಿಳು ಎಷ್ಟು ಬೆರೆತಿತ್ತೆಂದರೆ, ನಮ್ಮಮ್ಮ ಒಂದೊಂದು ಸಲ ಮೆಟ್ಟಿಲ ಬಳಿ ಅವರೊಡನೆ ಮಾತಾಡಿ ಬಂದು, “ಅವರು ಹೇಳಿದ್ದು ಯಾವ ಭಾಷೆ ಮಾರಾಯ್ತಿ?” ಎಂದು ನನ್ನನ್ನು ಕೇಳುತ್ತಿದ್ದರು.

ಮಾಮಿ ಬಂದರಿನ ಹತ್ತಿರ ಪ್ಯಾರೀಸ್ ಕಾರ್ನರಿನ ಒಂದು ಹಡಗು ಏಜೆಂಟರ ಕಚೇರಿಯಲ್ಲಿ ಟೈಪಿಸ್ಟಾಗಿ ಸೇರಿದವರು. ಅಲ್ಲಿಗೆ ಕಂಪ್ಯೂಟರುಗಳು ಬಂದಾಗ, ಅವನ್ನೆಲ್ಲ ಒಂದಕ್ಕೊಂದು ಜೋಡಿಸುವ ಸರ್ವರನ್ನು ತಂದಿಟ್ಟವರು ಒಂದು ದಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದರಂತೆ. ಅದನ್ನು ಯಾರೂ ಮುಟ್ಟಲಿಲ್ಲ. ಮಾಮಿ ಮಾತ್ರ ದಿನಾ ಮಧ್ಯಾಹ್ನ ಮೊಸರನ್ನದ ಡಬ್ಬಿ ಮುಚ್ಚಿಟ್ಟ ಮೇಲೆ ಹತ್ತು ಪುಟ ಓದುತ್ತಿದ್ದರಂತೆ. ಹೊರಗೆ ಬಂದರಿನ ಕ್ರೇನುಗಳು ತೂಗುತ್ತಿದ್ದವು, ಒಳಗೆ ಇವರ ತುಟಿ ಅಲುಗುತ್ತಿತ್ತು. ಪುಸ್ತಕ ಮುಗಿಯುವ ಹೊತ್ತಿಗೆ ಸರ್ವರ್ ಅವರ ಪಾಲಿಗೆ ಬಂದಿತ್ತು. ನಿವೃತ್ತಿಯವರೆಗೂ ಅದನ್ನು ನೋಡಿಕೊಂಡವರು ಅವರೇ.

ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ನಾನು ಹತ್ತಿರದ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ನಾಲ್ಕು ಕೋಣೆ. ಒಂದರಲ್ಲಿ ದನಿ ರೆಕಾರ್ಡ್ ಮಾಡುವರು, ಇನ್ನೊಂದರಲ್ಲಿ ಅದನ್ನು ಚಿತ್ರಕ್ಕೆ ಹೊಂದಿಸುವರು, ಉಳಿದೆರಡರಲ್ಲಿ ಸಂಕಲನ, ಮಿಶ್ರಣ. ದನಿಯ ಫೈಲುಗಳನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ಮಾಲೀಕರು ಒಂದು ದಿನ ನನ್ನನ್ನು ಕರೆದು, “ನೀ ತಾನೆ ಕಂಪ್ಯೂಟರ್ ಪಡಿಚ್ಚವಳ್, ಓದಿದವಳು? ಎಲ್ಲಾ ರೂಮಿಗೂ ಒಂದೇ ಕಡೆ ಫೈಲು ಸಿಗೋ ಹಾಗೆ ಮಾಡು” ಎಂದರು. ಅವರು ತಮಿಳರು. ನನ್ನೊಡನೆ ಮಾತಾಡುವಾಗ ಪ್ರೀತಿಯಿಂದ ಹರಕು ಕನ್ನಡ ಬೆರೆಸುತ್ತಿದ್ದರು.

ಡಿಪ್ಲೊಮಾದಲ್ಲಿ ಯಾರೂ ನನಗೆ ಇದನ್ನು ಕಲಿಸಿರಲಿಲ್ಲ. ವಾರವಿಡೀ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಒಬ್ಬರು ಒಂದು ಬರೆದಿದ್ದರೆ ಇನ್ನೊಬ್ಬರು ಅದು ತಪ್ಪೆಂದು ಬರೆದಿರುತ್ತಿದ್ದರು. ಯಾವುದೋ ಪುಟದಲ್ಲಿ ‘ಮುಂದಿನ ಹೆಜ್ಜೆಗೆ ಇಲ್ಲಿ ಒತ್ತಿ’ ಎಂದಿದ್ದು, ಒತ್ತಿದರೆ ಆ ಪುಟವೇ ಇರುತ್ತಿರಲಿಲ್ಲ. ಕೊನೆಗೆ ಒಂದು ಕಂಪ್ಯೂಟರನ್ನು ಸರ್ವರ್ ಮಾಡಿ, ಫೈಲು ಹಂಚುವ ಪ್ರೋಗ್ರಾಮ್ ಹಾಕಿ, ನಾಲ್ಕು ಕಡೆಯಿಂದ ಸಾಲುಗಳನ್ನು ಎತ್ತಿಕೊಂಡು ಅದರ ಸೆಟ್ಟಿಂಗ್ ಫೈಲಿನಲ್ಲಿ ಅಂಟಿಸಿದೆ. ನಾಲ್ಕೂ ಕೋಣೆಗಳ ಪರದೆಯ ಮೇಲೆ ಒಂದೇ ಫೋಲ್ಡರ್ ಮೂಡಿತು! ಅವತ್ತು ಸಿಹಿ ಪೊಂಗಲ್ ಹಿಡಿದು ಮೇಲ್ಮನೆಗೂ ಹೋಗಿ ಸುದ್ದಿ ಹೇಳಿದೆ.

ಮಾಮಿ ಉಯ್ಯಾಲೆ ಮಣೆಯ ಮೇಲೆ ಕೂತಿದ್ದರು. ಬಾಲ್ಕನಿಯ ಕಡೆ ಮುಖ ತಿರುಗಿಸಿ ನನ್ನನ್ನು ನೋಡಿದರು.

“ಒಟ್ಟು ಎಷ್ಟು ಸಾಲು ಬರೆದೆ?”

“ನಲವತ್ತು ಇರಬಹುದು ಮಾಮಿ.”

“ಹದಿನೇಳನೇ ಸಾಲು ಏನು ಮಾಡತ್ತೆ?”

ನಾನು ನಕ್ಕೆ. ಅವರು ನಗಲಿಲ್ಲ.

“ಪರವಾಯಿಲ್ಲ. ಮೊದಲನೇದು?”

ಅದೂ ನನಗೆ ಗೊತ್ತಿರಲಿಲ್ಲ.

“ಕೈಪಿಡಿಯನ್ನ ಊರೆಲ್ಲ ಹುಡುಕಿದೀಯ. ಆ ಪ್ರೋಗ್ರಾಮ್ ಬರೆದೋರು ತಾವೇ ಬರೆದು ಅದರ ಜೊತೆಗೇ ಇಟ್ಟಿರ್ತಾರೆ. ಮೊದಲು ನಿನ್ನ ಯಂತ್ರದಲ್ಲಿರೋದು ಎಷ್ಟನೇ ಆವೃತ್ತಿ ನೋಡು. ಅದೇ ಆವೃತ್ತಿಯ ಕೈಪಿಡಿ ತಗೋ. ನಿನ್ನೆಯದೂ ಬೇಡ, ನಾಳೆಯದೂ ಬೇಡ. ಅಚ್ಚು ಹಾಕಿಸ್ಕೊಂಡು ಬಾ. ನಂಗೆ ಓದಿ ಹೇಳು.”

ಜೆರಾಕ್ಸ್ ಅಂಗಡಿಯಲ್ಲಿ ಅದು ಸುರುಳಿ ತಂತಿ ಹಾಕಿದ ಮೂರು ಸಂಪುಟವಾಯಿತು.

ಸ್ಟುಡಿಯೋದಿಂದ ನಾನು ಎರಡು ಗಂಟೆಗೆ ಊಟಕ್ಕೆ ಬಂದರೆ ನಾಲ್ಕಕ್ಕೆ ಮತ್ತೆ ಹೋದರೆ ಸಾಕಿತ್ತು. ಆ ನಡುವಿನ ಹೊತ್ತೆಲ್ಲ ಮಾಮಿಯದಾಯಿತು. ಈಗ ನೆನೆದರೆ ಆ ಮಧ್ಯಾಹ್ನಗಳು ಒಂದರೊಳಗೊಂದು ಕರಗಿ ಒಂದೇ ಉದ್ದನೆಯ ಮಧ್ಯಾಹ್ನದಂತೆ ಕಾಣುತ್ತವೆ. ಬಿದಿರಿನ ತಟ್ಟಿಯ ಸಂದಿಯಿಂದ ಬಿಸಿಲು ನೆಲದ ಮೇಲೆ ಗೆರೆ ಗೆರೆಯಾಗಿ ಬಿದ್ದಿರುತ್ತಿತ್ತು. ಉಯ್ಯಾಲೆಯ ಸರಪಳಿ ಕಿರ್ ಎಂದು ಹೋಗಿ ಕಿರ್ ಎಂದು ಬರುತ್ತಿತ್ತು. ಮೂರು ಗಂಟೆಯ ಮೇಲೆ ಸಮುದ್ರದ ಗಾಳಿ ಅಷ್ಟು ದೂರದಿಂದ ಹೇಗೋ ದಾರಿ ಹುಡುಕಿಕೊಂಡು ಬಂದು ಹಾಳೆಗಳನ್ನು ಎತ್ತುತ್ತಿತ್ತು. ನಾನು ನೆಲದ ಮೇಲೆ ಕೂತು ಇಂಗ್ಲಿಷಿನಲ್ಲಿ ಓದುವೆ, ಆಮೇಲೆ ಕನ್ನಡದಲ್ಲಿ ಹೇಳುವೆ. ಯಾರು ಬರಬಹುದು, ಯಾರು ನೋಡಬಹುದು ಆದರೆ ಬರೆಯಬಾರದು, ಇಬ್ಬರು ಒಂದೇ ಫೈಲನ್ನು ತೆರೆದರೆ ಯಾರಿಗೆ ಮೊದಲ ಹಕ್ಕು ಎಂದೆಲ್ಲ ಓದುತ್ತ ಹೋದರೆ, ಒಂದು ದೊಡ್ಡ ಮನೆಯ ಕೋಣೆ ಕೋಣೆಗಳಲ್ಲಿ ನಿಧಾನವಾಗಿ ನಡೆದಂತೆ ಆಗುತ್ತಿತ್ತು. ಮಾಮಿ ಕಣ್ಣು ಮುಚ್ಚಿ ಕೇಳುವರು. ನಿದ್ದೆ ಹೋದರೇನೋ ಎಂದು ನಾನು ಎರಡು ಸಾಲು ಹಾರಿಸಿದರೆ, “ಅಲ್ಲಿ ಏನೋ ಬಿಟ್ಟೆ” ಎನ್ನುವರು.

ಒಂದು ಸಲ ನಾನು ಬೇಸರದಿಂದ, “ಇದು ನಮಗೆ ಬೇಡದ ಅಧ್ಯಾಯ ಮಾಮಿ, ಮುಂದಕ್ಕೆ ಹೋಗೋಣ” ಎಂದೆ.

“ಬೇಡವೋ ಬೇಕೋ, ಓದದೆ ಹೇಗೆ ಗೊತ್ತಾಯ್ತು?”

ಮೊದಲ ಸಂಪುಟ ಇನ್ನೂ ಮುಗಿದಿರಲಿಲ್ಲ, ಆ ಅನಾಹುತ ಆಯಿತು.

ಒಬ್ಬ ಹಿರಿಯ ಡಬ್ಬಿಂಗ್ ಕಲಾವಿದೆ ನಮ್ಮಲ್ಲಿ ಒಂದು ಚಿತ್ರದ ಅಜ್ಜಿಯ ಪಾತ್ರಕ್ಕೆ ದನಿ ಕೊಟ್ಟಿದ್ದರು. ಅವರ ಗಂಟಲಿನಲ್ಲಿ ಗಡ್ಡೆ ಇತ್ತು. ಶಸ್ತ್ರಚಿಕಿತ್ಸೆಗೆ ಹೋಗುವ ಮುಂಚೆ ಮುಗಿಸಿಬಿಡುತ್ತೇನೆಂದು ಹಟ ಹಿಡಿದು, ಐದು ದಿನ ಬಿಸಿನೀರು ಗುಟುಕರಿಸುತ್ತ ಇಡೀ ಪಾತ್ರವನ್ನು ಮುಗಿಸಿಕೊಟ್ಟಿದ್ದರು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು. ಆದರೆ ದನಿ ಮೊದಲಿನಂತೆ ಮರಳುವುದಿಲ್ಲವೆಂದು ಡಾಕ್ಟರು ಹೇಳಿದರು. ಅದಾಗಿ ಹತ್ತು ದಿನಕ್ಕೆ, ಮಿಶ್ರಣಕ್ಕೆ ಕೂತವರು ನೋಡಿದರೆ ಸರ್ವರಿನಲ್ಲಿ ಅವರ ದನಿಯಿದ್ದ ಫೋಲ್ಡರ್ ಇಲ್ಲ. ಸರ್ವರಿನಲ್ಲಿ ಇದೆಯಲ್ಲ ಎಂಬ ಧೈರ್ಯದಿಂದ ರೆಕಾರ್ಡಿಂಗ್ ಯಂತ್ರದಲ್ಲಿದ್ದುದನ್ನು ಆಗಲೇ ಅಳಿಸಿದ್ದರು. ನಾನು ಅಂಟಿಸಿದ ಸಾಲುಗಳು ಯಾರು ಬೇಕಾದರೂ ಏನು ಬೇಕಾದರೂ ಅಳಿಸಬಹುದು ಎಂದು ಬಾಗಿಲು ತೆರೆದಿಟ್ಟಿದ್ದವು. ಸಂಕಲನದ ಕೋಣೆಯವರೊಬ್ಬರು ಹಳೆಯದೆಂದುಕೊಂಡು ಅಳಿಸಿಬಿಟ್ಟಿದ್ದರು. ಅವರದೇನೂ ತಪ್ಪಿರಲಿಲ್ಲ.

ಮಾಲೀಕರು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, “ಅಂದ ಅಮ್ಮಾಗೆ, ಆ ಅಮ್ಮನಿಗೆ ನಾನು ಹೇಗೆ ಹೇಳಲಿ?” ಎಂದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೆಟ್ಟಿಂಗ್ ಫೈಲಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಮನೆಗೆ ಓಡಿದೆ. ಊಟ ಮಾಡದೆ ಮೆಟ್ಟಿಲು ಹತ್ತಿದೆ. ಮಾಮಿಯ ಮುಂದೆ ಅಳುತ್ತ ಎಲ್ಲ ಹೇಳಿದೆ. ಅವರು ಉಯ್ಯಾಲೆಯನ್ನು ಕಾಲಿನಿಂದ ನಿಲ್ಲಿಸಿದರು.

“ಅತ್ತದ್ದು ಸಾಕು. ಅಲ್ಲಿ ಯಾರೂ ಏನೂ ಮುಟ್ಟಬಾರದು ಅಂತ ಫೋನ್ ಮಾಡಿ ಹೇಳು. ಆಮೇಲೆ ಒಂದೊಂದೇ ಸಾಲು ಓದು.”

ನಾನು ಒಂದು ಸಾಲು ಓದುವುದು, ಕೈಪಿಡಿಯಲ್ಲಿ ಅದರ ಅರ್ಥ ಹುಡುಕುವುದು, ಮುಂದಿನ ಸಾಲಿಗೆ ಹೋಗುವುದು. ಇಪ್ಪತ್ತೈದು ಸಾಲು ಹೀಗೆಯೇ ಕಳೆಯಿತು. ಇಪ್ಪತ್ತಾರನೆಯ ಸಾಲಿನಲ್ಲಿ ‘ರೀಸೈಕಲ್’ ಎಂಬ ಒಂದು ಪದವಿತ್ತು. ಯಾರ ಬ್ಲಾಗಿನಿಂದ ಎತ್ತಿಕೊಂಡದ್ದೋ ನೆನಪಿಲ್ಲ.

“ಅದೇನು?”

“ಗೊತ್ತಿಲ್ಲ ಮಾಮಿ.”

“ಆ ಅಧ್ಯಾಯಕ್ಕೆ ಇನ್ನೂ ಬಂದಿಲ್ಲ ನಾವು. ಮೂರನೇ ಸಂಪುಟದ ಕೊನೇಲಿ ಪದಸೂಚಿ ಇರತ್ತೆ, ನೋಡು.”

ಮೂರನೆಯ ಸಂಪುಟದಲ್ಲಿ ಅದು ಸಿಕ್ಕಿತು. ಈ ಪದ ಇದ್ದರೆ, ಅಳಿಸಿದ ಫೈಲು ನಾಶವಾಗುವುದಿಲ್ಲ; ಚುಕ್ಕಿಯಿಂದ ಶುರುವಾಗುವ ಹೆಸರಿನ, ಕಣ್ಣಿಗೆ ಕಾಣದ ಒಂದು ಫೋಲ್ಡರಿನಲ್ಲಿ ಹೋಗಿ ಕೂರುತ್ತದೆ. ನಾನು ಎದ್ದು ನಿಂತೇಬಿಟ್ಟೆ. ಮಾಮಿ ಕೈ ಎತ್ತಿ ತಡೆದರು.

“ಪುಟ ಪೂರ್ತಿ ಓದು.”

ಓದಿದೆ. ಇಷ್ಟಕ್ಕಿಂತ ದೊಡ್ಡ ಫೈಲನ್ನು ಉಳಿಸಬೇಡ ಎಂದು ಇನ್ನೊಂದು ಸಾಲಿನಲ್ಲಿ ಮಿತಿ ಹಾಕಬಹುದು, ಅಂಥ ಫೈಲು ನೇರವಾಗಿ ಅಳಿದುಹೋಗುತ್ತದೆ ಎಂದಿತ್ತು. ದನಿಯ ಫೈಲುಗಳೋ ಎಲ್ಲವೂ ದೊಡ್ಡವು. ಉಳಿದ ಹದಿನಾಲ್ಕು ಸಾಲುಗಳನ್ನು ಒಂದೊಂದಾಗಿ ಓದಿದೆ. ಮಿತಿ ಹಾಕುವ ಸಾಲು ಅಲ್ಲಿರಲಿಲ್ಲ.

ಮಾಮಿ ಮೆಲ್ಲಗೆ ಎದ್ದು, “ನಾನೂ ಬರ್ತೀನಿ” ಎಂದರು. ತಿಂಗಳುಗಳಿಂದ ಹೊಸ್ತಿಲು ದಾಟದವರು ನನ್ನ ಭುಜ ಹಿಡಿದು, ಹೂವಿನ ಅಂಗಡಿಗಳ ಮುಂದೆ, ಗುಡಿಯ ಗೋಡೆಯ ನೆರಳಿನಲ್ಲಿ ನಡೆದರು. ದಾರಿಯಲ್ಲಿ ಒಂದೇ ಮಾತು ಹೇಳಿದರು: “ನಿಂಗೆ ಗೊತ್ತಿಲ್ಲದ ಸಾಲೊಂದು ಇವತ್ತು ನಿನ್ನ ಉಳಿಸಿರಬಹುದು. ಅದಕ್ಕೆ ಸಂತೋಷಪಡಬೇಡ. ಗೊತ್ತಿಲ್ಲದ ಇನ್ನೊಂದು ಸಾಲೇ ಮುಳುಗಿಸಿದ್ದು.”

ಸ್ಟುಡಿಯೋದಲ್ಲಿ ಆ ಚುಕ್ಕಿ ಹೆಸರಿನ ಜಾಗ ತೆರೆದರೆ, ಕಳೆದುಹೋದ ಫೋಲ್ಡರ್ ಅಲ್ಲೇ ಇತ್ತು. ಒಂದು ಫೈಲೂ ಕಡಿಮೆಯಾಗಿರಲಿಲ್ಲ.

ಸರಿಯಾಗಿದೆಯೇ ಎಂದು ಕೇಳಿ ನೋಡಲು ನಮ್ಮನ್ನೆಲ್ಲ ಡಬ್ಬಿಂಗ್ ಕೋಣೆಯಲ್ಲಿ ಕೂರಿಸಿ ದೀಪ ಆರಿಸಿದರು. ಆ ಕತ್ತಲಲ್ಲಿ ಮಾಮಿಗೂ ನಮಗೂ ವ್ಯತ್ಯಾಸವಿರಲಿಲ್ಲ. ಕಲಾವಿದೆಯ ದನಿ ಬಂತು. “ವಾ ಕಣ್ಣು, ಸಾಪ್ಪಿಟ್ಟಿಯಾ?” ಬಾ ಕಂದಾ, ಊಟ ಆಯಿತಾ ಎಂಬ ಆ ಒಂದೇ ಮಾತನ್ನು ಅವರು ಹನ್ನೊಂದು ಸಲ ಹೇಳಿದ್ದರು. ಒಂದರಲ್ಲಿ ನಗು, ಒಂದರಲ್ಲಿ ಸುಸ್ತು, ಒಂದರಲ್ಲಿ ಬಹಳ ದಿನ ಕಾದ ಮೇಲೆ ಬಂದವರನ್ನು ಕೇಳುವ ಅಳುಕು. ಆ ಕೋಣೆಯ ಗೋಡೆಗಳು ಇಲ್ಲವಾಗಿ, ದನಿ ಎಲ್ಲ ಕಡೆಯಿಂದಲೂ ಬಂದು ನಮ್ಮನ್ನು ಮುಟ್ಟುತ್ತಿರುವ ಹಾಗಿತ್ತು. ಹನ್ನೊಂದನೆಯ ಸಲಕ್ಕೆ, ನನ್ನ ಪಕ್ಕದಲ್ಲಿ ಮಾಮಿ ಬಹಳ ಮೆಲ್ಲಗೆ, “ಆಯ್ತಮ್ಮಾ” ಎಂದರು.

ಆಮೇಲೆ ನಾವು ಮೂರೂ ಸಂಪುಟ ಮುಗಿಸಿದೆವು. ಹಳೆಯ ನಲವತ್ತು ಸಾಲುಗಳನ್ನು ತೆಗೆದುಹಾಕಿ, ನನಗೆ ಅರ್ಥ ಗೊತ್ತಿರುವ ಹತ್ತೊಂಬತ್ತು ಸಾಲು ಬರೆದೆ. ಯಾವ ಕೋಣೆಯವರು ಯಾವುದನ್ನು ಮುಟ್ಟಬಹುದೆಂದು ಗೊತ್ತು ಮಾಡಿದೆ. ಎಲ್ಲದಕ್ಕೂ ಬೇರೆ ಕಡೆ ಇನ್ನೊಂದು ಪ್ರತಿ ಉಳಿಯುವಂತೆ ಮಾಡಿದೆ. ಆಗ ಮಾಮಿ, “ಈಗ ನೀನು ಬರೆ” ಎಂದರು. “ನೀನು ರಜದಲ್ಲಿರೋ ದಿನ ಇದು ನಿಂತುಹೋದರೆ ಅವರು ಯಾರನ್ನ ಕೇಳಬೇಕು?”

ಸ್ಟುಡಿಯೋದವರಿಗಾಗಿ ತಮಿಳಿನಲ್ಲಿ ಇಪ್ಪತ್ತು ಪುಟ ಬರೆದು ಅದನ್ನೂ ಓದಿ ಹೇಳಿದೆ. ಅಷ್ಟರಲ್ಲಿ ಮಾಮಿಯ ಅಂಚಿನ ನೋಟವೂ ಹೋಗಿತ್ತು. ನನ್ನ ಕಡೆಗೇ ಮುಖವಿಟ್ಟು ಕೂರುತ್ತಿದ್ದರು. ಅದು ನನಗೆ ಹೊಸದು, ಸಹಿಸಲು ಕಷ್ಟ. ಸರ್ವರನ್ನು ಮತ್ತೆ ಚಾಲೂ ಮಾಡುವ ಪುಟದಲ್ಲಿ ತಡೆದರು.

“ಗುಂಡಿ ಒತ್ತಿದ ಮೇಲೆ ಎಷ್ಟು ಹೊತ್ತು ಬೇಕು?”

“ಮೂರು ನಿಮಿಷ. ಆಗ ಪರದೆ ಪೂರ್ತಿ ಕಪ್ಪಾಗಿರತ್ತೆ.”

“ಆ ಮೂರು ನಿಮಿಷ ಅವರು ಏನು ಮಾಡಬೇಕು?”

“ಏನೂ ಇಲ್ಲ. ಕಾಯಬೇಕು ಅಷ್ಟೆ.”

“ಹಾಗಂತ ಬರೆದಿದೀಯಾ? ಕಪ್ಪು ನೋಡಿ ಗಾಬರಿಯಾಗಿ ಮತ್ತೆ ಒತ್ತಿದರೆ? ಬರೆ. ಸ್ವಲ್ಪ ಹೊತ್ತು ಏನೂ ಕಾಣೋದಿಲ್ಲ, ಹೆದರಬೇಡಿ ಅಂತ ಬರೆ.”

ನಾನು ಬರೆದುಕೊಂಡೆ. ಬರೆದು ತಲೆಯೆತ್ತಿದರೆ ಅವರು ನಗುತ್ತಿದ್ದರು.

ಆ ವರ್ಷದ ಧನುರ್ಮಾಸದಲ್ಲಿ ಮಾಮಿ ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು, ಹುಗ್ಗಿಗೆ ಮೆಣಸು ಹಾಕಿದೆಯಾ ಎಂದು ತಮ್ಮನ ಹೆಂಡತಿಯನ್ನು ಕೇಳಿ, ಗೋಡೆಗೆ ಒರಗಿದವರು ಮತ್ತೆ ಮಾತಾಡಲಿಲ್ಲ. ನಾನು ಹೋದಾಗ ಅವರ ಕಣ್ಣು ಮುಚ್ಚಿತ್ತು. ಕೇಳುತ್ತಿರುವಾಗ ಇರುತ್ತಿದ್ದ ಹಾಗೇ ಇತ್ತು.

ಆ ಸ್ಟುಡಿಯೋ ಬಿಟ್ಟು ನಾನು ಈಗ ಮಣಲಿಯ ಕಡೆಯ ಒಂದು ಕಾರ್ಖಾನೆಯಲ್ಲಿ ದೊಡ್ಡ ಸರ್ವರುಗಳನ್ನು ನೋಡಿಕೊಳ್ಳುತ್ತೇನೆ. ನನ್ನ ಕೈಕೆಳಗೆ ನಾಲ್ವರಿದ್ದಾರೆ. ಬರೆದದ್ದು ಏನೇ ಇರಲಿ, ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳದೆ ನಾನು ಯಾರ ಕೈಗೂ ಕೊಡುವುದಿಲ್ಲ. ಯಾರೂ ಸಿಗದ ಭಾನುವಾರ ಅಮ್ಮನ ಎದುರಿಗೆ ಕೂರುತ್ತೇನೆ. ಅಮ್ಮನಿಗೆ ಸರ್ವರೆಂದರೆ ಹೋಟೆಲಿನಲ್ಲಿ ಬಡಿಸುವವರು. ಹರಿವೆ ಸೊಪ್ಪು ಬಿಡಿಸುತ್ತ, ಹೂಂ ಹೂಂ ಎನ್ನುತ್ತ ಕೇಳುತ್ತಾರೆ. ಎಲ್ಲೋ ಒಂದು ಕಡೆ ಮಾತ್ರ ಅವರ ಕೈ ನಿಲ್ಲುತ್ತದೆ.

“ಅಲ್ಲಿ ಎಂತ ಆಯ್ತು ಮಾರಾಯ್ತಿ? ನಂಗೆ ತಿಳೀಲಿಲ್ಲ.”

ನಾನು ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿ ಮತ್ತೆ ಬರೆಯುತ್ತೇನೆ.